ದಿನಬಳಕೆಯ ಇಂಗ್ಲಿಷ್ ಪದದ ಮೂಲವನ್ನು ಹುಡುಕುವ ಬಗೆ

‘ನ್ಯೂಸ್’ ಎಂಬ ಪದವು ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಹುಟ್ಟಿತೆಂಬ ಮಾತು ನಮ್ಮ ವಿಜಯಪುರ, ಬಾಗಲಕೋಟೆಯ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಕೇಳಲು ಸೊಗಸಾದ ಈ ಕತೆ ನಿಜವಲ್ಲ; ‘ಹೊಸದು’ ಎಂಬರ್ಥದ ‘ನ್ಯೂ’ ಪದದ ಬಹುವಚನವೇ ‘ನ್ಯೂಸ್’. ಪದಮೂಲ ಹುಡುಕುವವರು ಬಿಡಿ ಅಕ್ಷರಗಳನ್ನು ಕೂಡಿಸಿ ಹೇಳುವ ವಿವರಣೆಯನ್ನು ಬರಹದ ಆಧಾರ ಸಿಗುವವರೆಗೆ ಒಪ್ಪಬಾರದು.

ಆಧಾರ ಸಿಕ್ಕರೆ ಅಂಥ ವಿವರಣೆಯೂ ನಿಲ್ಲುತ್ತದೆ. ‘ಓಕೆ’ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಪತ್ರಿಕೆಗಳಲ್ಲಿ ಪದಗಳನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು, ಅವುಗಳ ಮೊದಲಕ್ಷರಗಳನ್ನಷ್ಟೇ ಅಚ್ಚುಹಾಕುವ ವಿನೋದ ಹಬ್ಬಿದ್ದ ಕಾಲದಲ್ಲಿ, ಅಂದರೆ 1839ರ ಮಾರ್ಚ್ 23ರಂದು, ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ‘ಆಲ್ ಕರೆಕ್ಟ್’ ಎಂಬುದರ ವಕ್ರರೂಪವಾದ ‘oll korrect’ನ ಮೊದಲಕ್ಷರಗಳಾಗಿ ಅದು ಕಾಣಿಸಿಕೊಂಡಿತು. ಹೀಗೆ ಪದದ ಮೊದಲ ಬರಹದ ವರ್ಷವನ್ನು, ಅದು ಸಿಕ್ಕ ಸಂದರ್ಭದೊಡನೆ, ಗುರುತುಹಾಕಿಕೊಳ್ಳಬೇಕು.

ಮುಂದಿನ ಕೆಲಸ ಪದ ನಡೆದ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗುವುದು. ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಪೇಟೆಯಲ್ಲಿ ನಿಂತು ‘ಶುಗರ್’ ಎಂದರೆ ನಮ್ಮ ‘ಸಕ್ಕರೆ’ಯ ದೂರದ ಬಂಧುವನ್ನೇ ಕರೆದಂತೆ. ಸಂಸ್ಕೃತದ ‘ಶರ್ಕರಾ’ ಪರ್ಷಿಯನ್ನಿನಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ, ಲ್ಯಾಟಿನ್ ಮತ್ತು ಫ್ರೆಂಚ್ ದಾಟಿ ಇಂಗ್ಲಿಷಿಗೆ ತಲುಪಿತು. ಬೆಲ್ಲಕ್ಕೆ ಇಂಗ್ಲಿಷರು ಹೇಳುವ ‘ಜಾಗರಿ’ಯೂ ಅದೇ ಮೂಲದ್ದು, ಆದರೆ ಪೋರ್ಚುಗೀಸರ ಬಾಯಿಂದ ಬಂದದ್ದು. ಪ್ರತಿ ಭಾಷೆಯ ರೂಪವನ್ನೂ ಸಾಲಾಗಿ ಬರೆದು, ಒಂದರಿಂದ ಇನ್ನೊಂದಕ್ಕೆ ಧ್ವನಿ ಹೇಗೆ ಬದಲಾಯಿತು, ಆ ಜನರ ನಡುವೆ ವ್ಯಾಪಾರವೋ ಆಳ್ವಿಕೆಯೋ ಇತ್ತೇ ಎಂಬುದನ್ನು ನೋಡಬೇಕು. ಹೋಲಿಕೆಯೊಂದನ್ನೇ ನಂಬಿದರೆ ದಾರಿ ತಪ್ಪುವುದು ಖಚಿತ.

ತಪ್ಪಾಗಿ ಕೇಳಿಸಿಕೊಂಡು ಹುಟ್ಟಿದ ವಿನೋದರೂಪಗಳನ್ನು ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ. ಮೊಹರಮ್ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ ‘ಹಾಬ್ಸನ್ ಜಾಬ್ಸನ್’ ಆಯಿತು. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿದ, 1886ರಲ್ಲಿ ಪ್ರಕಟವಾದ ಆಂಗ್ಲೋ-ಇಂಡಿಯನ್ ಪದಕೋಶಕ್ಕೆ ಅದೇ ಹೆಸರಾಯಿತು. ಮೊಹರಮ್ಮಿನ ಶೋಕಗೀತೆಗಳಾದ ರಿವಾಯತ್ ಪದಗಳನ್ನು ಕೇಳುತ್ತ ಬೆಳೆದ ನಮ್ಮ ಭಾಗದವರಿಗೆ ಈ ಪದದ ಹಿಂದಿರುವ ಶೋಕ ಬೇರೆಯಾಗಿ ತಿಳಿಸಬೇಕಿಲ್ಲ.

ಊರಲ್ಲಿ ಕೇಳುವ ‘ಟೇಸನ್’, ‘ಬಸ್ಸು ಗಿಸ್ಸು’ ಮುಂತಾದ ರೂಪಗಳನ್ನೂ ತಿದ್ದದೆ, ಕೇಳಿದಂತೆಯೇ, ಊರಿನ ಹೆಸರು ಮತ್ತು ಆಡಿದವರ ಅಂದಾಜು ವಯಸ್ಸಿನೊಡನೆ ಬರೆದಿಟ್ಟುಕೊಳ್ಳಿ. ಕನ್ನಡದ ಬದಿಯಿಂದ ಹೋಲಿಸಲು 1894ರ ಕಿಟೆಲ್ ನಿಘಂಟು ಬೇಕಾಗುತ್ತದೆ.