ಬೇರೆಯವರ ಕಥೆಯನ್ನು ರೂಪಾಂತರಿಸುವ ಮುನ್ನ

ಓದಿ ಮೆಚ್ಚಿದ ಕಥೆಯೊಂದನ್ನು ನಾಟಕವನ್ನಾಗಿಯೋ ಕಿರುಚಿತ್ರವನ್ನಾಗಿಯೋ ಮಾಡಲು ಹೊರಟವರು, ಆ ಕಥೆಯಿಂದ ತಾವು ಏನೇನನ್ನು ತೆಗೆದುಕೊಳ್ಳುತ್ತಿದ್ದೇವೆ ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಳ್ಳಬೇಕು. ಅನುಮತಿ ಬೇಕೇ ಬೇಡವೇ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಆ ಹಾಳೆಯಲ್ಲೇ ಸಿಗುತ್ತದೆ.

ಹಕ್ಕುಸ್ವಾಮ್ಯ ಇರುವುದು ಬರಿಯ ವಿಚಾರಕ್ಕಲ್ಲ, ಲೇಖಕರು ಅದನ್ನು ಅಭಿವ್ಯಕ್ತಿಸಿದ ಬಗೆಗೆ. ಬೌದ್ಧಿಕ ಆಸ್ತಿಯ ಹಕ್ಕುಗಳ ಕುರಿತು 1995ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿ ಇದನ್ನೇ ಹೇಳುತ್ತದೆ. ಮನೆ ಬಿಟ್ಟುಹೋಗಿದ್ದ ಮಗ ತಂದೆ ತೀರಿಕೊಂಡ ಮೇಲೆ ಮರಳಿ ಬರುತ್ತಾನೆ ಎಂಬ ಎಳೆಯನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಆ ಮಗನಿಗೆ ತಂದೆಯ ಸಾಲದ ಪುಸ್ತಕ ಸಿಕ್ಕಿ, ಅದರಲ್ಲಿರುವ ಒಬ್ಬೊಬ್ಬರ ಮನೆಗೂ ಹೋಗಿ ಹಣ ತೀರಿಸುತ್ತ, ಕೊನೆಯ ಹೆಸರು ತಾನು ಮಾತು ಬಿಟ್ಟಿದ್ದ ತಂಗಿಯದೆಂದು ಕಂಡು ಅವಳ ಬಾಗಿಲಿಗೆ ಬಂದು ನಿಲ್ಲುತ್ತಾನೆ ಎಂದಾದರೆ, ಆ ಘಟನೆಗಳ ಹೆಣಿಗೆ ಮೂಲ ಲೇಖಕರದು. ಸಾಲದ ಪುಸ್ತಕವನ್ನು ಹಳೆಯ ಪತ್ರಗಳ ಕಟ್ಟನ್ನಾಗಿಸಿ, ತಂಗಿಯನ್ನು ಅಣ್ಣನನ್ನಾಗಿಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಇಷ್ಟು ಪ್ರತಿಶತ ಬದಲಿಸಿದರೆ ಸಾಕೆಂಬ ಮಾತು ಬರೆಯುವವರ ನಡುವೆ ಚಾಲ್ತಿಯಲ್ಲಿದೆಯಾದರೂ, ಅದಕ್ಕೆ ಕಾನೂನಿನ ಆಧಾರವಿಲ್ಲ.

1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು' ಇದಕ್ಕೆ ಒಳ್ಳೆಯ ನಿದರ್ಶನ. ಬ್ರ್ಯಾಮ್ ಸ್ಟೋಕರ್ ಅವರ 'ಡ್ರಾಕುಲಾ' ಕಾದಂಬರಿಯನ್ನು ಆಧರಿಸಿದ್ದ ಆ ಚಿತ್ರದಲ್ಲಿ ಪಾತ್ರಗಳ ಹೆಸರುಗಳನ್ನು ಬದಲಿಸಲಾಗಿತ್ತು, ಇಂಗ್ಲೆಂಡಿನಲ್ಲಿ ನಡೆಯುವ ಭಾಗವನ್ನು ಜರ್ಮನಿಗೆ ತರಲಾಗಿತ್ತು, ಮೂಲ ಕಾದಂಬರಿಯ ಹೆಸರನ್ನು ತೆರೆಯ ಮೇಲೆ ತೋರಿಸಲಾಗಿತ್ತು. ಅನುಮತಿಯನ್ನು ಮಾತ್ರ ಪಡೆದಿರಲಿಲ್ಲ. ಸ್ಟೋಕರ್ ಅವರ ಪತ್ನಿ ದಾವೆ ಹೂಡಿದರು, 1925ರಲ್ಲಿ ಜರ್ಮನಿಯ ನ್ಯಾಯಾಲಯ ಪ್ರತಿಗಳನ್ನೆಲ್ಲ ನಾಶಪಡಿಸುವಂತೆ ಆದೇಶಿಸಿತು. ಕೆಲವು ಪ್ರತಿಗಳು ಹೇಗೋ ಉಳಿದುಕೊಂಡಿದ್ದರಿಂದ ಚಿತ್ರವನ್ನು ಇಂದಿಗೂ ನೋಡಬಹುದು, ಅದು ಬೇರೆ ಮಾತು. ಹೆಸರು ಬದಲಿಸಿದರಾಯಿತು, 'ಕೃಪೆ' ಎಂದು ಹಾಕಿದರಾಯಿತು ಎನ್ನುವವರು ಈ ಪ್ರಕರಣವನ್ನು ಒಮ್ಮೆ ಓದಬೇಕು. ಲೇಖಕರನ್ನು ಹೆಸರಿಸುವುದು ಒಂದು ಕರ್ತವ್ಯ, ಅವರ ಒಪ್ಪಿಗೆ ಪಡೆಯುವುದು ಇನ್ನೊಂದು.

ಮುಂದಿನದು ಅವಧಿಯ ಪ್ರಶ್ನೆ. ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಅವರ ಮರಣಾನಂತರದ 50 ವರ್ಷ ಕನಿಷ್ಠ ರಕ್ಷಣೆಯ ಕಾಲ. ಭಾರತದಲ್ಲಿ ಮರಣಾನಂತರದ ಅವಧಿ 60 ವರ್ಷ, ಯುರೋಪಿನ ಒಕ್ಕೂಟದಲ್ಲಿ 70. ಹೀಗಾಗಿ ಒಂದೇ ಕೃತಿ ಒಂದು ದೇಶದಲ್ಲಿ ಮುಕ್ತವಾಗಿದ್ದು ಇನ್ನೊಂದರಲ್ಲಿ ಹಾಗಿಲ್ಲದಿರಬಹುದು. ಹೆಚ್ಚಿನವರು ಎಡವುವುದು ಅನುವಾದದಲ್ಲಿ: ಮೂಲ ಕಥೆಯ ಹಕ್ಕು ಎಂದೋ ಮುಗಿದಿದ್ದರೂ, ನೀವು ಓದಿದ ಅನುವಾದ ಇತ್ತೀಚಿನದಾಗಿದ್ದರೆ ಅದರ ಮಾತುಗಳ ಮೇಲೆ ಅನುವಾದಕರ ಹಕ್ಕು ಪ್ರತ್ಯೇಕವಾಗಿಯೇ ಇರುತ್ತದೆ.

ಅನುಮತಿ ಬೇಕೆಂದಾದರೆ, ಚಿತ್ರಕಥೆ ಬರೆಯಲು ಕೂರುವ ಮೊದಲೇ ಕೇಳುವುದು ಲೇಸು. ಹಕ್ಕು ಲೇಖಕರ ಬಳಿಯೇ ಇದೆಯೋ, ಪ್ರಕಾಶಕರಿಗೆ ಹೋಗಿದೆಯೋ, ವಾರಸುದಾರರಲ್ಲಿ ಹಂಚಿಹೋಗಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಒಬ್ಬ ವಾರಸುದಾರರು ಬಾಯಿಮಾತಿನಲ್ಲಿ "ಮಾಡಿಕೊಳ್ಳಿ" ಎಂದದ್ದು ಉಳಿದವರನ್ನು ಕಟ್ಟಿಹಾಕುವುದಿಲ್ಲ. ಕರಾರು ಬರಹದಲ್ಲಿರಲಿ. ಯಾವ ಮಾಧ್ಯಮಕ್ಕೆ, ಯಾವ ಭಾಷೆಗೆ, ಎಷ್ಟು ಕಾಲಕ್ಕೆ, ಎಷ್ಟು ಪ್ರದರ್ಶನಗಳಿಗೆ, ಎಷ್ಟು ಸಂಭಾವನೆಗೆ ಎಂಬುದರ ಜೊತೆಗೆ, ಕಥೆಯ ಅಂತ್ಯವನ್ನು ಬದಲಿಸುವ ಸ್ವಾತಂತ್ರ್ಯವಿದೆಯೇ ಎಂಬುದನ್ನೂ ಅದರಲ್ಲಿ ನಮೂದಿಸಬೇಕು, ಏಕೆಂದರೆ ತಮ್ಮ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕು ಹಣ ಪಡೆದ ಮೇಲೂ ಅನೇಕ ದೇಶಗಳಲ್ಲಿ ಲೇಖಕರಿಗೆ ಉಳಿದಿರುತ್ತದೆ. ರಂಗಪ್ರಯೋಗಕ್ಕೆ ಪಡೆದ ಅನುಮತಿ ಅದರ ವಿಡಿಯೊವನ್ನು ಅಂತರ್ಜಾಲಕ್ಕೆ ಏರಿಸಲು ತಾನಾಗಿ ಅನ್ವಯಿಸುವುದಿಲ್ಲ. ದೊಡ್ಡ ಬಂಡವಾಳದ ಕೆಲಸವಾದರೆ ವಕೀಲರಿಗೆ ತೋರಿಸಿಯೇ ಸಹಿ ಹಾಕಬೇಕು.

ಪತ್ರಕ್ಕೆ ಉತ್ತರವೇ ಬಾರದಿದ್ದರೆ ಅದನ್ನು ಒಪ್ಪಿಗೆಯೆಂದು ಭಾವಿಸುವಂತಿಲ್ಲ. ಆಗ ಮೊದಲು ಬರೆದ ಹಾಳೆಗೆ ಮರಳಿ, ಹೆಣಿಗೆಗೆ ಸೇರಿದ್ದನ್ನೆಲ್ಲ ಹೊಡೆದುಹಾಕಿ, ಉಳಿದ ಬರಿಯ ಎಳೆಯಿಂದ ಬೇರೆ ಪಾತ್ರಗಳನ್ನೂ ಬೇರೆ ಘಟನೆಗಳನ್ನೂ ಕಟ್ಟಬಹುದು. ಪ್ರತಿ ಕರಡಿಗೂ ದಿನಾಂಕ ಹಾಕಿ ಕಾದಿರಿಸಿದರೆ ಮುಂದೆ ತಕರಾರು ಬಂದಾಗ ತೋರಿಸಲು ದಾಖಲೆಯಿರುತ್ತದೆ.