ವಲಿಯಪರಂಬಕ್ಕೆ ಹೊರಡುವ ಮುನ್ನ ಪಂಚಾಂಗ ನೋಡಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದಿಂದ ಕಾಸರಗೋಡು ಜಿಲ್ಲೆಯ ತೆಂಕು ತುದಿಯ ವಲಿಯಪರಂಬ, ಅದರ ಪಕ್ಕದ ಕವ್ವಾಯಿ ಹಿನ್ನೀರಿಗೆ ಹಕ್ಕಿ ನೋಡಲು ಹೋಗುವವರು ರೈಲಿನ ಸಮಯ ನೋಡುತ್ತಾರೆ, ನೀರಿನ ಸಮಯ ನೋಡುವುದಿಲ್ಲ. ಹನ್ನೊಂದಕ್ಕೆ ದಡ ಮುಟ್ಟುವಾಗ ಕೆಸರುಬಯಲು ಪೂರ್ತಿ ಮುಳುಗಿರುತ್ತದೆ. ಎರಡು ಬೆಳ್ಳಕ್ಕಿ ಕಂಡು ವಾಪಸು ಬರುತ್ತಾರೆ.

1. ದಿನ ಆರಿಸುವುದು. ಇದೊಂದು ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ತಿಂಗಳು ನವೆಂಬರಿನಿಂದ ಫೆಬ್ರವರಿಯೊಳಗೆ ಇರಲಿ, ವಲಸೆ ಹಕ್ಕಿಗಳು ಇಳಿದಿರುತ್ತವೆ. ಇನ್ನು ತಿಥಿ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಭರತ ಮಧ್ಯಾಹ್ನದ ಆಸುಪಾಸಿಗೆ ಬರುತ್ತದೆ. ಅಂದರೆ ಇಳಿತ ಬೆಳಗಿನ ಆರರ ಹತ್ತಿರ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಅಮಾವಾಸ್ಯೆ, ಹುಣ್ಣಿಮೆ ಅಥವಾ ಅದರ ಮರುದಿನವೇ ಹೋಗಿ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಲೆಕೆಳಗಾಗಿ ಬೆಳಿಗ್ಗೆಯೇ ನೀರು ತುಂಬಿರುತ್ತದೆ.

ನೀರು ಪೂರ್ತಿ ಇಳಿದಾಗ ಹಕ್ಕಿ ಚೆನ್ನಾಗಿ ಕಾಣುತ್ತದೆ ಎಂದುಕೊಳ್ಳುವುದು ಇನ್ನೊಂದು ತಪ್ಪು. ಆಗ ಅವು ದೂರದೂರ ಚದುರಿ ಮೇಯುತ್ತಿರುತ್ತವೆ. ನೀರು ಏರತೊಡಗಿದಂತೆ ಕೆಸರು ಕಿರಿದಾಗಿ, ಬಾಗಿದ ಕೊಕ್ಕಿನ ವಿಂಬ್ರೆಲ್, ಕೆಂಪುಕಾಲಿನ ಗೊರವಗಳು ತಾವಾಗಿಯೇ ದಡದ ಕಡೆಗೆ ಬರುತ್ತವೆ. ಏಳರಿಂದ ಹತ್ತರವರೆಗಿನ ಆ ಹೊತ್ತಿಗೆ ಅಲ್ಲಿರಬೇಕು. ಮೊಬೈಲ್‌ನಲ್ಲಿ ಸಿಗುವ ವೇಳಾಪಟ್ಟಿ ಕಡಲತೀರದ್ದು; ಹಿನ್ನೀರಿನ ಒಳಗೆ ನೀರು ತಡವಾಗಿ ಏರುತ್ತದೆ. ದೋಣಿಯವರನ್ನು ಕೇಳಿ, ಅವರ ಮಾತೇ ಸರಿ.

2. ತಲುಪುವುದು. ಚೆರುವತ್ತೂರು ಅಥವಾ ತೃಕ್ಕರಿಪುರದಲ್ಲಿ ರೈಲಿಳಿದು ಆಟೋ ಹಿಡಿಯಿರಿ.

3. ನಿಲ್ಲುವ ಜಾಗ. ವಲಿಯಪರಂಬ ಉದ್ದಕ್ಕೆ ಮಲಗಿದ ಕುದ್ರು (ನಡುಗಡ್ಡೆ): ಪಡುವಣಕ್ಕೆ ಕಡಲು, ಮೂಡಣಕ್ಕೆ ಹಿನ್ನೀರು. ಬೆಳಿಗ್ಗೆ ಅಲ್ಲಿಂದ ಹಿನ್ನೀರು ನೋಡಿದರೆ ಸೂರ್ಯ ನೇರ ಕಣ್ಣಿಗೆ ಹೊಡೆದು ಎಲ್ಲ ಹಕ್ಕಿಯೂ ಕಪ್ಪು. ಬೆಳಿಗ್ಗೆ ಹಿನ್ನೀರಿನ ನಡುವಿನ ಇನ್ನೊಂದು ಕುದ್ರು ಇಡಯಿಲಕ್ಕಾಡಿನ ಪಡುದಡ, ಮಧ್ಯಾಹ್ನದ ಮೇಲೆ ವಲಿಯಪರಂಬದ ಮೂಡುದಡ. ತಲೆಯ ಮೇಲೂ ಕಣ್ಣಿಡಿ: ಕಾಸರಗೋಡು 2023ರಲ್ಲಿ ಜಿಲ್ಲಾ ಪಕ್ಷಿಯೆಂದು ಘೋಷಿಸಿದ ಬಿಳಿಹೊಟ್ಟೆಯ ಕಡಲಹದ್ದು ಸುತ್ತುತ್ತಿರಬಹುದು. ದುರ್ಬೀನು ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8×42 ಸಾಕು. 10×ನದ್ದು ದೋಣಿಯಲ್ಲಿ ನಡುಗುತ್ತದೆ. ‘30×60’ ಎಂದು ಬರೆದ ಅಗ್ಗದ ಮಾಲನ್ನು ಕೊಳ್ಳಲೇಬೇಡಿ.

4. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚು. ಕೆಸರಿಗೆ ಇಳಿಯಬೇಡಿ. ಉಪ್ಪಟ್ಟಿ ಮರದ ಸುತ್ತ ಪೆನ್ಸಿಲಿನಂತೆ ಮೇಲೆದ್ದಿರುವುದು ಕಡ್ಡಿಯಲ್ಲ, ಉಸಿರುಬೇರು. ಕೆಸರಿನಲ್ಲಿ ಗಾಳಿಯಿಲ್ಲದ್ದರಿಂದ ಬೇರಿನ ಉಸಿರಾಟ ಅದರಿಂದಲೇ. ತುಳಿದರೆ ಮುರಿಯುತ್ತದೆ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ, ಗಂಬೂಟಿನೊಳಗೆ ನೀರು ತುಂಬಿದರೆ ಕಾಲೇ ಏಳದು, ಬರಿಗಾಲನ್ನು ಸಿಪ್ಪಿ ಸೀಳುತ್ತದೆ. ಹಿಂಪಟ್ಟಿಯಿರುವ ಸ್ಯಾಂಡಲ್ಲೇ ಒಳ್ಳೆಯದು. ಜಾರಿ ಕಾಲು ಹೂತರೆ ನೆಟ್ಟಗೆ ಎಳೆಯಬೇಡಿ, ಇನ್ನೊಂದು ಕಾಲೂ ಹೂಳುತ್ತದೆ. ಹಿಂದಕ್ಕೆ ವಾಲಿ ಭಾರ ಹಗುರ ಮಾಡಿ, ಪಾದ ಅಲುಗಾಡಿಸಿ ಸುತ್ತ ನೀರು ಇಳಿಯಲು ಬಿಟ್ಟು ಮೆಲ್ಲಗೆ ತೆಗೆಯಿರಿ.

5. ದೋಣಿ. ಹುಟ್ಟು ಹಾಕುವ ಚಿಕ್ಕದನ್ನೇ ಹಿಡಿಯಿರಿ; ಎಂಜಿನ್ ಸದ್ದಿಗೆ ಹಕ್ಕಿ ನಿಲ್ಲುವುದಿಲ್ಲ. ಪಡನ್ನದ ಕಡೆ ನೀರಿನಲ್ಲಿ ಕಾಣುವ ಬಿದಿರಿನ ಚಪ್ಪರಗಳು ಪಚ್ಚಿಲೆ (ಹಸಿರು ಚಿಪ್ಪಿನ ಕಡಲ ಸಿಪ್ಪಿ) ಕೃಷಿಯವು. ಮರಿಗಳನ್ನು ಹಗ್ಗಕ್ಕೆ ಹತ್ತಿಬಟ್ಟೆಯಲ್ಲಿ ಸುತ್ತಿ ಇಳಿಬಿಟ್ಟಿರುತ್ತಾರೆ. ಬಟ್ಟೆ ಕೊಳೆಯುವಷ್ಟರಲ್ಲಿ ಅವು ಹಗ್ಗ ಹಿಡಿದಿರುತ್ತವೆ. ಮಳೆಗಾಲದ ಸಿಹಿನೀರಿಗೆ ಸಾಯುವುದರಿಂದ ಅದಕ್ಕೂ ಮೊದಲೇ ಕೊಯ್ಲು. ಚಪ್ಪರಕ್ಕೆ ದೋಣಿ ಕಟ್ಟುವುದು, ಹಗ್ಗ ಎತ್ತಿ ನೋಡುವುದು ಬೇಡ. ಅದು ಒಬ್ಬರ ವರ್ಷದ ಬೆಳೆ.

6. ಇಡಯಿಲಕ್ಕಾಡಿನ ಕಾವು (ದೇವರ ಕಾಡು). ಇಲ್ಲಿನ ಮಂಗಗಳಿಗೆ ಓಣಂ ವೇಳೆ ಊರ ಮಕ್ಕಳು ಉಪ್ಪು ಹಾಕದ ಊಟ ಬಡಿಸುತ್ತಾರೆ. ಅದನ್ನು ಕೇಳಿ ಚಿಪ್ಸ್, ಬಿಸ್ಕೆಟ್ ಒಯ್ಯಬೇಡಿ. ತಿನ್ನಿಸುವುದೇ ಬೇಡ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಮಂಗ ಹಾರುತ್ತದೆ. ಎಲ್ಲವೂ ಬೆನ್ನಚೀಲದೊಳಗಿರಲಿ, ಜಿಪ್ ಹಾಕಿ.

ರಾತ್ರಿ ಉಳಿದು ಕಡಲದಡದಲ್ಲಿ ನಡೆಯುವುದಾದರೆ ಟಾರ್ಚ್ ಉರಿಸಬೇಡಿ. ಈ ತಿಂಗಳುಗಳಲ್ಲೇ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಮರಳಿಗೆ ಬರುತ್ತವೆ, ಬೆಳಕು ಬಿದ್ದರೆ ಮೊಟ್ಟೆಯಿಡದೆ ಹಿಂದೆ ತಿರುಗುತ್ತವೆ.