ಕಾರಲ್ಲಿ ಲೇಹ್‌ಗೆ ಹೊರಟ್ರಾ? ಎಲ್ಲಿ ಮಲಗ್ತೀರ ಅಂತ ಮೊದ್ಲು ನೋಡ್ಕೊಳ್ಳಿ

ಬೆಂಗಳೂರಿಂದ ಲೇಹ್‌ಗೆ ಮೂರು ಸಾವಿರ ಕಿಲೋಮೀಟರ್ ಮೇಲೇನೇ ಇದೆ. ಹೊರಡೋ ಮುಂಚೆ ಟೈರು, ಆಯಿಲ್ಲು, ಸ್ಟೆಪ್ನಿ ಎಲ್ಲಾ ಚೆಕ್ ಮಾಡಿಸ್ತೀವಿ, ಓಡ್ಸೋನ ಬಿಪಿ ಮಾತ್ರ ಯಾರೂ ನೋಡಲ್ಲ.

ಒಂದು ತಿಂಗಳು ಮುಂಚೆ ಡಾಕ್ಟ್ರ ಹತ್ರ ಹೋಗಿ. ಬಿಪಿ, ಶುಗರ್, ಆಸ್ತಮಾ, ಹಾರ್ಟ್ ತೊಂದರೆ ಇರೋರಂತೂ ಹೋಗ್ಲೇಬೇಕು. ದಿನಾ ತಗೊಳ್ಳೋ ಮಾತ್ರೆ ಹತ್ತು ದಿನಕ್ಕೆ ಜಾಸ್ತಿನೇ ಇರ್ಲಿ, ಜೊತೆಗೆ ಅದರೊಳಗಿರೋ ಔಷಧಿ ಹೆಸರು ಬರೆಸ್ಕೊಳ್ಳಿ, ಯಾಕಂದ್ರೆ ಇಲ್ಲಿನ ಬ್ರ್ಯಾಂಡು ಅಲ್ಲಿ ಸಿಗದೇ ಇರಬಹುದು.

ಔಷಧಿ ಡಬ್ಬಿ ಡಿಕ್ಕಿಯಲ್ಲಿ ಬ್ಯಾಗುಗಳ ಅಡಿ ಹೋಗ್ಬಾರ್ದು, ಕೈಗೆ ಸಿಗೋ ಹಾಗಿರ್ಲಿ. ಓಆರ್‌ಎಸ್, ಪ್ಯಾರಾಸಿಟಮಾಲ್, ಬ್ಯಾಂಡೇಜು, ಆಕ್ಸಿಮೀಟರ್ ಸಾಕು. ಇನ್ಸುಲಿನ್ ಇದ್ರೆ ಹುಷಾರು: ಬಿಸಿಲಲ್ಲಿ ನಿಂತ ಕಾರಲ್ಲಿ ಕೆಡುತ್ತೆ, ಲಡಾಖ್ ಚಳೀಲಿ ಗಟ್ಟಿಯಾದ್ರೂ ಬಿಸಾಕ್ಬೇಕು, ರಾತ್ರಿ ಜಾಕೆಟ್ ಒಳಜೇಬಲ್ಲಿ ಇಟ್ಕೊಂಡೇ ಮಲಗಿ. ವಾಂತಿಗೆ ಕೊಡೋ ಅವೋಮಿನ್, ನೆಗಡಿಗೆ ಸೆಟಿರಿಜಿನ್ ಎರಡೂ ನಿದ್ದೆ ಬರಿಸೋವೇ, ಓಡ್ಸೋರು ಮುಟ್ಟಬಾರ್ದು.

ಬಯಲು ಸೀಮೇಲಿ ಎರಡು ಗಂಟೆಗೊಮ್ಮೆ ಇಳಿದು ಕಾಲಾಡಿಸಿ, ರಾತ್ರಿ ಓಡಿಸ್ಬೇಡಿ. ಟಾಯ್ಲೆಟ್ ಸಿಗಲ್ಲ ಅಂತ ಹೆಂಗಸ್ರು ನೀರೇ ಕುಡಿಯಲ್ಲ, ಮೂರನೇ ದಿನ ಉರಿಮೂತ್ರ ಅಂತ ಒದ್ದಾಡ್ತಾರೆ, ಅದಕ್ಕೆ ಬಂಕು ಕಂಡಾಗೆಲ್ಲಾ ನಿಲ್ಸಿ.

ಇನ್ನು ಅಸಲಿ ವಿಷ್ಯ, ಎತ್ತರ. ಮೇಲೆ ಹೋದಷ್ಟೂ ಗಾಳಿ ತೆಳುವಾಗಿ ಉಸಿರಿಗೆ ಆಕ್ಸಿಜನ್ ಕಮ್ಮಿಯಾಗುತ್ತೆ. ಶ್ರೀನಗರ ಸುಮಾರು 5,200 ಅಡಿ, ಕಾರ್ಗಿಲ್ 8,800, ಲೇಹ್ 11,500, ಹೀಗೆ ಒಂದೊಂದು ರಾತ್ರಿ ಮಲಗುತ್ತಾ ಹೋದ್ರೆ ದೇಹ ಒಗ್ಗಿಕೊಳ್ಳುತ್ತೆ. ನಾವು ಮನಾಲಿ ಕಡೆಯಿಂದ ಹೋದ್ವಿ, ಅದೇ ತಪ್ಪಾಗಿದ್ದು. 6,700 ಅಡಿ ಮನಾಲಿಯಿಂದ ಸಂಜೆಗೆ 14,000 ಅಡಿ ಸರ್ಚುನಲ್ಲಿ ಟೆಂಟು, ರಾತ್ರಿ ಹನ್ನೊಂದಕ್ಕೆ ನಮ್ಮ ಭಾವ ಎದ್ದು ಕೂತ್ಕೊಂಡು ಎರಡೂ ಕೈಯಲ್ಲಿ ತಲೆ ಹಿಡ್ಕೊಂಡ್ರು, ಕೊಟ್ಟ ಮಾತ್ರೆನೂ ವಾಂತಿ ಮಾಡಿದ್ರು. ಕೆಳಗಿಳಿಯೋಣ ಅಂದ್ರೆ ಹಿಂದೆ 16,000 ಅಡಿ ಬಾರಾಲಾಚಾ ಪಾಸ್, ಮುಂದೆ ಅದಕ್ಕಿಂತ ಎತ್ತರದ ಲಾಚುಂಗ್ ಲಾ ಪಾಸ್. ಇಳಿಯೋಕೂ ಹತ್ತಲೇಬೇಕು ನೋಡಿ! ಪುಣ್ಯಕ್ಕೆ ಬೆಳಗ್ಗೆ ಹೊತ್ತಿಗೆ ಸುಧಾರಿಸ್ತು. ಮನಾಲಿ ದಾರೀನೇ ಬೇಕು ಅನ್ನೋರು ಸರ್ಚುಗಿಂತ ಎಷ್ಟೋ ಕೆಳಗಿರೋ ಜಿಸ್ಪಾದಲ್ಲಿ ಎರಡು ರಾತ್ರಿ ನಿಂತು, ಮೂರನೇ ದಿನ ಬೆಳಕು ಹರಿಯೋ ಮೊದ್ಲೇ ಎದ್ದು ಸೀದಾ ಲೇಹ್ ಸೇರ್ಕೊಳ್ಳಿ.

ಎತ್ತರಕ್ಕೆ ಒಗ್ಗಿಕೊಳ್ಳೋಕೆ ಕೊಡೋ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಡಾಕ್ಟ್ರನ್ನೇ ಕೇಳಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ರೆ ಹೇಳ್ಬಿಡಿ. ತಗೊಂಡ್ರೆ ಬೆರಳು ಜುಮ್ ಅನ್ನುತ್ತೆ, ಗಾಬರಿ ಬೇಡ. ಲೇಹ್ ತಲುಪಿದ ಮೇಲೆ ಎರಡು ದಿನ ಸುಮ್ನೆ ಬಿದ್ಕೊಳ್ಳಿ, ಎಣ್ಣೆ ಪಾರ್ಟಿ ವಾಪಸ್ ಬಂದ್ಮೇಲೆ ಇಟ್ಕೊಳ್ಳಿ.

ಸುಮ್ನೆ ಕೂತಿದ್ರೂ ಉಸಿರು ಕಟ್ಟಿದ್ರೆ, ನಡಿಗೆ ತೂರಾಡಿದ್ರೆ, ಮಾತು ತಡವರಿಸಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಕ್ಸಿಜನ್ ಸಿಕ್ಕಿದ್ರೆ ಹಾಕಿ, ಆಗ್ಲೇ ಕೆಳಗೆ ಕರ್ಕೊಂಡು ಹೋಗಿ, ಲೇಹ್‌ನಲ್ಲೇ ಇದ್ರೆ ಎಸ್‌ಎನ್‌ಎಂ ಆಸ್ಪತ್ರೆ ಇದೆ. ಹಾಂ, ನಮ್ಮೂರ ಪ್ರೀಪೇಯ್ಡ್ ಸಿಮ್ ಅಲ್ಲಿ ನಡಿಯಲ್ಲ, ಕಾರಲ್ಲಿ ಒಬ್ರ ಹತ್ರನಾದ್ರೂ ಪೋಸ್ಟ್‌ಪೇಯ್ಡ್ ಇರ್ಲಿ.